ಬೇಗ ಬಾರೇ ಎಂದರೆ ನೂರು ಗಜ

ಫೆಬ್ರವರಿ 11

ಅರ್ಧಗಜಕ್ಕೆ ಮಾವನ ಆಶೀರ್ವಾದಗಳು.

ಪತ್ರ ನೋಡಿ ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನನ್ನ ಫೋನು ಇಸ್ತ್ರಿಗೆ ನೀರು ಚಿಮುಕಿಸುವ ಬಕೆಟ್ಟಿಗೆ ಬಿದ್ದು ಪ್ರಾಣ ಬಿಟ್ಟಿತು, ಅಷ್ಟೇ. ಹೊಸದು ತಗೊಳ್ಳಿ ಎಂದು ನಿನ್ನ ಅತ್ತೆ ದಿನವೂ ತಲೆ ತಿನ್ನುತ್ತಾಳೆ. ನನಗೇ ಬೇಡವೆನಿಸಿದೆ. ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದಾದರೆ ನೀನು ಮಡಿಸಿ ಇಟ್ಟುಕೊಳ್ಳಬಹುದು. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಎಂದು ನಗಬೇಡ. ಮೂವತ್ತು ವರ್ಷ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದವನು ಕಾಗದದ ಮೇಲೆ ಪೆನ್ನು ಹಿಡಿದರೆ ಹೀಗೇ ಆಗುವುದು.

ನಮ್ಮ ಟೇಲರ್ ಅಂಗಡಿಗೆ ಸುಣ್ಣಬಣ್ಣ ಹೊಡೆಸುತ್ತಿದ್ದಾರೆ. ಅದು ಮುಗಿಯುವ ತನಕ ನನ್ನ ಕತ್ತರಿಗೆ ರಜೆ. ಅತ್ತೆ ಶಾಲೆಯ ಗ್ರಂಥಾಲಯಕ್ಕೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ ನೊಣ ಹೊಡೆಯುತ್ತ ಕೂತಿರುತ್ತೇನೆ. ಮೊನ್ನೆ ಬೀರುವಿನ ಮೇಲೆ ನಿನ್ನ ಗಾಲ್ಫ್ ಆಟದ ಡಬ್ಬಿ ಸಿಕ್ಕಿತು. ಹಳೇ ಟೀವಿಗೆ ಸಿಕ್ಕಿಸಿದರೆ, ಆಶ್ಚರ್ಯ, ಇನ್ನೂ ಓಡುತ್ತಿದೆ!

ಆದರೆ ಏಳನೇ ಕುಳಿ ಇದೆಯಲ್ಲ, ಬಾವುಟದ ಬೆನ್ನಿಗೇ ಕೊಳ ಇರುವುದು, ಅಲ್ಲಿ ನನ್ನ ಮಾನ ಹೋಗುತ್ತಿದೆ. "ಬೇಗ ಬಾರೇ" ಎಂದು ಹೊಡೆದರೆ ಚೆಂಡು ಬಾವುಟ ದಾಟಿ ಸೀದಾ ನೀರಿಗೆ. ಒಂದು ವಾರದಿಂದ ಆ ಕೊಳಕ್ಕೆ ಚೆಂಡು ತುಂಬಿಸುವುದೇ ನನ್ನ ಉದ್ಯೋಗ. ಬೇಗ ಬಾರೇ ಎಂದರೆ ನೂರು ಗಜ ತಾನೇ? ಅಥವಾ ನಾನೇ ಮರೆತೆನಾ? ನಿನಗೆ ನೆನಪಿದ್ದರೆ ಬರೆ.

ನಿನ್ನ
ಮಾವ

---

ಫೆಬ್ರವರಿ 24

ಮಾವಾ,

ಗಾಬರಿಯಾಗಬೇಡ ಎಂದು ಶುರುವಾಗುವ ಪತ್ರ ಓದಿ ಗಾಬರಿಯಾಗದವರು ಯಾರು? ನಿಂತಲ್ಲೇ ಮೂರು ಸಲ ಓದಿದೆ. ಕೊಳದ ವಿಷಯ ಬಂದ ಮೇಲೆ ಸಮಾಧಾನವಾಗಿ ಕೂತೆ.

ನೆನಪಿಲ್ಲದೆ ಏನು? ನನಗೆ ಹನ್ನೊಂದು ವರ್ಷ, ಅಮ್ಮ ನನ್ನನ್ನು ನಿಮ್ಮ ಮನೆಯಲ್ಲಿ ಓದಲು ಬಿಟ್ಟು ಹೋಗಿ ಒಂದು ತಿಂಗಳಾಗಿತ್ತು. ನಾನು ಮಂಕಾಗಿದ್ದೇನೆ ಎಂದು ನೀನು ಯಾರೋ ಆಡಿ ಬಿಟ್ಟಿದ್ದ ಆ ಆಟ ತಂದೆ. ಅದೇ ವಾರ ಟೀವಿಯ ತಳಭಾಗ ನಾಲ್ಕು ಬೆರಳಗಲ ಕಪ್ಪಾಯಿತು. ಹೊಡೆತದ ಜೋರು ತೋರಿಸುವ ಪಟ್ಟಿ ಇದ್ದದ್ದು ಸರಿಯಾಗಿ ಅಲ್ಲೇ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಪಟ್ಟಿ ತುಂಬುತ್ತದೆ, ಬಿಟ್ಟ ಕೂಡಲೇ ಚೆಂಡು ಅಷ್ಟು ದೂರ ಹೋಗುತ್ತದೆ. ಪಟ್ಟಿಯೇ ಕಾಣದಿದ್ದರೆ ಯಾವಾಗ ಬಿಡುವುದು? ನಾನು ಮೂಲೆ ಸೇರಿ ಅಳುತ್ತ ಕೂತೆ. ನೀನು ಪಕ್ಕದಲ್ಲಿ ಕೂತು, "ಟೇಪು ಇಲ್ದೇನೂ ನಾನು ಅಳತೆ ಹೇಳ್ತೀನಲ್ಲೇ? ಇದೂ ಹಾಗೇ. ಗುಂಡಿ ವಿಷಯ ನನಗೆ ಬಿಡು, ಅದು ನನ್ನ ಕಸುಬು" ಅಂದೆ.

ಸಂಜೆ ಬೀದಿಯಿಂದ ನನ್ನನ್ನು ಮನೆಗೆ ಕರೆಯುತ್ತಿದ್ದ ಕೂಗುಗಳನ್ನೇ ನೀನು ಅಳತೆ ಮಾಡಿಕೊಂಡೆ. ಒತ್ತುವಾಗ ಮಾತು ಶುರು, ಮಾತು ಮುಗಿದಾಗ ಬೆರಳು ಬಿಡುವುದು. "ಬಾ" ಇಪ್ಪತ್ತೈದು ಗಜ. "ಬಾರೇ" ಐವತ್ತು. "ಬೇಗ ಬಾರೇ" ನೂರು. "ಎಲ್ಲಿ ಹಾಳಾಗ್‌ಹೋದ್ಯೇ ಕತ್ತೆ" ಇನ್ನೂರು. ಪಕ್ಕದ ಮನೆಯವರು ದಿನವೂ ನಮ್ಮಲ್ಲಿ ಜಗಳ ಎಂದುಕೊಂಡಿದ್ದರಂತೆ.

ನಾನು ಹೋದ ತಿಂಗಳು ಹೊಸ ಊರಿಗೆ ಬಂದೆ. ರೈಲುದಾರಿ ಹಾಯುವ ನೆಲವನ್ನು ನಮ್ಮ ತಂಡ ಮುಂದೆ ಮುಂದೆ ಅಳೆಯುತ್ತ ಹೋದ ಹಾಗೆ ನಮ್ಮ ರೂಮುಗಳೂ ಬದಲಾಗುತ್ತವೆ. ಈಗಿನದು ಸೈಕಲ್ ರಿಪೇರಿ ಅಂಗಡಿಯ ಮೇಲೆ. ಇಡೀ ದಿನ ಕೆಳಗಿನಿಂದ ಗಾಳಿ ತುಂಬುವ ಸದ್ದು. ನಮ್ಮ ನಕ್ಷೆ ಬರೆಯುವವನ ಹತ್ತಿರ ಇದೇ ಆಟ ಇದೆ. ನಿನಗೆ ಮೋಸ ಆಗಬಾರದು ಎಂದು ಅವನ ಟೀವಿಯ ತಳಕ್ಕೆ ಕಾಗದ ಅಂಟಿಸಿ, "ಬೇಗ ಬಾರೇ" ಎಂದು ಹೊಡೆದೆ. ಅವನು ಬೆಚ್ಚಿ, "ಯಾರನ್ನ ಕರೀತಿದೀರಿ ಮೇಡಂ?" ಅಂದ. ಚೆಂಡು ಬಾವುಟದ ಬುಡದಲ್ಲಿ ನಿಂತಿತು. ನನ್ನ ವೇಗದಲ್ಲಲ್ಲ, ನಿನ್ನ ವೇಗದಲ್ಲಿ ಹೇಳಿದೆ. ಹಾಗೆ ಹೇಳಿದರೆ ಮಾತ್ರ ಸರಿಯಾಗುತ್ತದೆ.

ನಾನು ಅತ್ತೆಗೆ ಫೋನ್ ಮಾಡಿದಾಗಲೆಲ್ಲ, "ಈಗ ತಾನೇ ಹೊರಗೆ ಹೋದ್ರು ಕಣೇ" ಎನ್ನುತ್ತಾರೆ. ಅಂಗಡಿಗೆ ರಜೆ ಇರುವವನು ಇಷ್ಟು ಸಲ ಎಲ್ಲಿಗೆ ಹೋಗುತ್ತೀಯ?

ನಿನ್ನ
ಅರ್ಧಗಜ

---

ಮಾರ್ಚ್ 15

ಅರ್ಧಗಜ,

ಇಪ್ಪತ್ತಾರು ವರ್ಷದವಳು ಇನ್ನೂ ಆ ಹೆಸರನ್ನೇ ಕೆಳಗೆ ಬರೆಯುತ್ತೀಯ ಎಂದು ನಿನ್ನ ಅತ್ತೆಗೆ ಪತ್ರ ತೋರಿಸಿದೆ. ಅವಳು ಕನ್ನಡಕ ಒರೆಸಿಕೊಳ್ಳುತ್ತ ಒಳಗೆ ಹೋದಳು. ನೀನು ಅಷ್ಟೆತ್ತರ ಬೆಳೆದೆ. ನನ್ನ ಲೆಕ್ಕದಲ್ಲಿ ಮೊದಲ ಸಲ ಲಂಗದ ಅಳತೆ ತೆಗೆದು ಇವಳಿಗೆ ಅರ್ಧ ಗಜ ಸಾಕು ಎಂದ ದಿನದಷ್ಟೇ ಇದ್ದೀಯ.

ಎಲ್ಲಿಗೆ ಹೋಗುತ್ತೇನೆ ಎಂದು ಕೇಳಿದ್ದೀಯ. ವಾಕಿಂಗ್. ಹೊಟ್ಟೆ ಬಂದಿದೆ.

ಏಳನೇ ಕುಳಿಯ ಸಮಾಚಾರ ಕೇಳು. ಗುಂಡಿ ಸಡಿಲವಾಗಿದೆ, ಬಿಟ್ಟ ಮೇಲೂ ಒಳಗೇ ಕಚ್ಚಿಕೊಳ್ಳುತ್ತಿದೆ ಎಂದು ಅನುಮಾನ ಬಂತು. ಬಿಚ್ಚಿ, ಪೈಜಾಮದ ಎಲಾಸ್ಟಿಕ್‌ನ ಒಂದು ಚೂರು ಕತ್ತರಿಸಿ ಒಳಗಿಟ್ಟು ಮುಚ್ಚಿದೆ. ಕೈಗೆ ಈಗ ಚೆನ್ನಾಗಿ ಸಿಗುತ್ತದೆ. ಚೆಂಡು ಮಾತ್ರ ಕೊಳಕ್ಕೇ. ಹೆಬ್ಬೆರಳು ಮಾತಿನ ಜೊತೆಗೇ ಬಿಡುತ್ತಿದ್ದೇನೆ, ಅದು ಖಂಡಿತ. ಮೂವತ್ತು ವರ್ಷ ಕತ್ತರಿ ಆಡಿಸಿದ ಕೈ, ಎಲ್ಲಿ ನಿಲ್ಲಿಸಬೇಕೆಂದು ಅದಕ್ಕೆ ಗೊತ್ತು.

ನೀನು ಕಾಗದ ಅಂಟಿಸಿ ಆಡಿದ್ದು ನನಗೆ ಎಷ್ಟು ಖುಷಿಯಾಯಿತು ಎಂದರೆ, ಆ ಪತ್ರವನ್ನು ಷರ್ಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ. ಜೇಬು ಹೊಲಿದದ್ದು ನಾನೇ, ಆದ್ದರಿಂದ ಬೀಳುವುದಿಲ್ಲ.

ನಿನ್ನ
ಮಾವ

---

ಮಾರ್ಚ್ 29

ಮಾವಾ,

ನಿನ್ನ ಮೇಲೆ ಸಿಟ್ಟು ಬಂದಿದೆ. ಹೊಸ ಫೋನು ತರಲು ಒಂದೂವರೆ ತಿಂಗಳು ಯಾರಿಗೂ ಬೇಕಾಗುವುದಿಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದರೂ ವಾಕಿಂಗ್, ಮಧ್ಯಾಹ್ನ ಊಟದ ಹೊತ್ತಿಗೆ ಮಾಡಿದರೂ ವಾಕಿಂಗ್. ಇಷ್ಟು ನಡೆದವನ ಹೊಟ್ಟೆ ಇಷ್ಟು ಹೊತ್ತಿಗೆ ಬೆನ್ನಿಗೆ ಅಂಟಿರಬೇಕಿತ್ತು. ನನ್ನಿಂದ ಏನಾದರೂ ತಪ್ಪಾಗಿದ್ದರೆ ಬೈದುಬಿಡು. ಬೈಯುವುದಕ್ಕಾದರೂ ಮಾತಾಡು.

ನಿನ್ನೆ ಕೆಲಸ ಮುಗಿಸಿ ಅಳತೆಯ ಯಂತ್ರ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದೆ. ಯಾರೋ ಒಬ್ಬರು ಬಾಗಿಲಲ್ಲಿ ನಿಂತು ಮಗಳನ್ನು ಕೂಗಿದರು. ನಾನು ತಿರುಗಿ ನೋಡಿದೆ. ನೋಡಿದ್ದಷ್ಟೇ ಅಲ್ಲ, ಅವರ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದೆ. ಅವರು, "ಯಾರು ಬೇಕಿತ್ತಮ್ಮಾ?" ಎಂದು ಕೇಳಿದರು. ಯಾರೂ ಇಲ್ಲ ಎಂದು ಬಂದುಬಿಟ್ಟೆ. ರೂಮಿಗೆ ಬಂದು ಚಹಾ ಮಾಡಿಕೊಂಡೆ, ಕುಡಿಯಲಿಲ್ಲ.

ಇರಲಿ. ಕೊಳದ ವಿಷಯ ಬಗೆಹರಿಸೋಣ. ಊಹೆ ಬೇಡ. ನಮ್ಮಲ್ಲಿ ಯಾವುದೇ ಅಳತೆ ತಪ್ಪಿದರೆ ಮೊದಲು ಎಷ್ಟು ತಪ್ಪಿದೆ ಎಂದು ನೋಡುತ್ತೇವೆ. ನಾಲ್ಕು ಮಾತಿಗೂ ಹತ್ತತ್ತು ಸಲ ಹೊಡೆದು, ಚೆಂಡು ಎಷ್ಟು ಗಜ ಹೋಯಿತು ಎಂದು ಪರದೆಯ ಮೇಲೆ ಬರುವುದನ್ನು ಬರೆದು ಕಳಿಸು. ಸುಳ್ಳು ಬರೆಯಬೇಡ.

ಅರ್ಧಗಜ

---

ಏಪ್ರಿಲ್ 20

ಅರ್ಧಗಜಕ್ಕೆ,

ತಡವಾಯಿತು. ಬೇಸರ ಮಾಡಿಕೊಳ್ಳಬೇಡ. ನಿನ್ನಿಂದ ಯಾವ ತಪ್ಪೂ ಆಗಿಲ್ಲ, ಇದನ್ನು ಎರಡು ಸಲ ಓದು.

ಬೇರೆ ಏನಾದರೂ ಕೇಳಿದ್ದರೆ ತೇಲಿಸಿ ಬರೆಯುತ್ತಿದ್ದೆನೋ ಏನೋ. ಅಳತೆ ಕೇಳಿದ್ದೀಯ. ಅಳತೆಯಲ್ಲಿ ಸುಳ್ಳು ಹೇಳಿದರೆ ಪ್ಯಾಂಟು ಮೊಣಕಾಲಿಗೆ ನಿಲ್ಲುತ್ತದೆ, ಅದು ನನ್ನಿಂದಾಗದು. ಹತ್ತತ್ತು ಸಲ ಹೊಡೆದೆ. "ಬಾ" ಮೂವತ್ತೈದರ ಆಸುಪಾಸು. "ಬಾರೇ" ಎಪ್ಪತ್ತು. "ಬೇಗ ಬಾರೇ" ನೂರ ನಲವತ್ತು. ಕತ್ತೆಯದು ಅಂಗಳವನ್ನೇ ಬಿಟ್ಟು ಮರಗಳ ಆಚೆ ಹೋಯಿತು, ಆಟದವರು ಅಳತೆಯನ್ನೇ ತೋರಿಸಲಿಲ್ಲ.

ಇನ್ನೊಂದು ತಮಾಷೆ. ನಿನ್ನ ಅತ್ತೆಗೆ ಗಾಲ್ಫ್ ಎಂದರೆ ಹುಲ್ಲು ಕೊಯ್ಯುವ ಕೆಲಸವೋ ಎಂಬಷ್ಟೇ ಗೊತ್ತು. ನಿನ್ನೆ ಕಾಫಿ ಲೋಟ ಹಿಡಿದುಕೊಂಡೇ ಬಂದು ಕೂತು, "ಕೊಡಿ ಇಲ್ಲಿ" ಎಂದು ಕಸಿದುಕೊಂಡು, ಒಂದೇ ಕೈಯಲ್ಲಿ ಗುಂಡಿ ಒತ್ತಿ "ಬೇಗ ಬಾರೇ" ಅಂದಳು. ನೂರು ಗಜ. ಬಾವುಟದ ಬುಡ. ಆಮೇಲೆ ಎದ್ದು ಸೌತೆಕಾಯಿ ಹೆಚ್ಚಲು ಹೋದಳು. ನಾನು ಆ ಬಾವುಟ ನೋಡುತ್ತ ಕೂತೇ ಇದ್ದೆ. ಇಷ್ಟು ವರ್ಷ ಸಂಸಾರ ಮಾಡಿದವಳು ಹೀಗೆ ಮರ್ಯಾದೆ ತೆಗೆಯಬಾರದಿತ್ತು.

ನನಗೆ ಏನೂ ಅರ್ಥವಾಗುತ್ತಿಲ್ಲ. ನೀನು ಓದಿದವಳು, ಹೇಳು.

ಮಾವ

---

ಮೇ 2

ಮಾವಾ,

ಇದನ್ನು ಓದುವಾಗ ಅತ್ತೆ ಪಕ್ಕದಲ್ಲಿರಲಿ.

ನಿನ್ನ ಪತ್ರ ಬಂದ ದಿನ ನಾನು ಅದನ್ನು ಕೆಲಸದ ಜಾಗಕ್ಕೇ ತೆಗೆದುಕೊಂಡು ಹೋಗಿದ್ದೆ. ಊಟದ ಹೊತ್ತಿನಲ್ಲಿ ನಿನ್ನ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದೆ. ಗುಂಡಿ ಕಚ್ಚಿಕೊಳ್ಳುತ್ತಿದ್ದರೆ ಎಲ್ಲ ಹೊಡೆತವೂ ಒಂದೇ ಸಮನಾಗಿ, ಹತ್ತೋ ಹದಿನೈದೋ ಗಜ ಹೆಚ್ಚಾಗಬೇಕಿತ್ತು. ಹಾಗಾಗಿಲ್ಲ. ಸಣ್ಣ ಮಾತಿಗೆ ಸ್ವಲ್ಪ ಹೆಚ್ಚು, ಉದ್ದ ಮಾತಿಗೆ ಜಾಸ್ತಿ ಹೆಚ್ಚು. ಮಾತು ಉದ್ದವಾದಷ್ಟೂ ತಪ್ಪೂ ಉದ್ದ. ಇಂಥ ತಪ್ಪು ಬಂದರೆ ನಾವು ನೆಲವನ್ನೂ ನೋಡುವುದಿಲ್ಲ, ಕೈಯನ್ನೂ ನೋಡುವುದಿಲ್ಲ, ಟೇಪನ್ನು ನೋಡುತ್ತೇವೆ. ನಿನಗೆ ಇದನ್ನು ನಾನು ಹೇಳಬೇಕಾಗಿಲ್ಲ. ಎಳೆದೆಳೆದು ಹಿಗ್ಗಿದ ಬಟ್ಟೆಯ ಟೇಪುಗಳನ್ನು ನೀನೇ ನನಗೆ ಆಡಲು ಕೊಡುತ್ತಿದ್ದೆ.

ಗುಂಡಿ ಸರಿ ಇದೆ, ಅತ್ತೆ ಹೊಡೆದರೆ ನೂರು ಬಂತು. ಬೆರಳು ಸರಿ ಇದೆ, ಮಾತು ಮುಗಿದಾಗಲೇ ಬಿಡುತ್ತಿದೆ. ಹಿಗ್ಗಿರುವುದು ಮಾತು.

ಮಾವಾ, ನಿನ್ನ ನಾಲಿಗೆಗೆ ಏನಾಗಿದೆ?

ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ, ಅಂಗಡಿಯ ರಜೆ, ವಾಕಿಂಗ್, ಬಕೆಟ್ಟಿಗೆ ಬಿದ್ದ ಫೋನು, ಎಲ್ಲವನ್ನೂ ಈಗ ಜೋಡಿಸಿ ನೋಡಿದರೆ ನಾನೆಂಥ ಪೆದ್ದಿ ಎನಿಸುತ್ತಿದೆ. ಅತ್ತೆಗೆ ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ನೀನೇ ಹೇಳಬೇಕು.

ನಿನ್ನ
ಅರ್ಧಗಜ

---

ಮೇ 19

ಮಗಳೇ,

ನಿನ್ನ ಪತ್ರ ಓದಿ ಅತ್ತೆ ಎದ್ದಳು. ಹೋಗಿ ಹೊಸ ಪೆನ್ನು ತಂದು ಮುಂದಿಟ್ಟಳು.

ಜನವರಿ ಮೂರನೇ ವಾರ, ಬೆಳಿಗ್ಗೆ ಹನ್ನೊಂದಕ್ಕೆ ಕಟಿಂಗ್ ಟೇಬಲ್ಲಿನ ಮುಂದೆ ನಿಂತಿದ್ದೆ. ಬೂದು ಬಣ್ಣದ ಪ್ಯಾಂಟಿನ ಬಟ್ಟೆ. ತೊಡೆಯ ತನಕ ಬಂದ ಕತ್ತರಿ ಅಲ್ಲೇ ನಿಂತಿತು. ನಾನು ನಿಲ್ಲಿಸಲಿಲ್ಲ, ಅದೇ ನಿಂತಿತು. ಬಟ್ಟೆ ಕೊಟ್ಟವರು ಎದುರಿಗಿದ್ದರು. ಅವರಿಗೆ ಏನೋ ಹೇಳಲು ಹೋದೆ. ಅವರು ಹಿಂದೆ ಸರಿದು, "ಬೆಳಿಗ್ಗೇನೇ ಹಾಕ್ಕೊಂಡು ಬಂದಿದೀರಲ್ರೀ ಮಾಸ್ಟ್ರೇ" ಅಂದರು. ನನ್ನ ಆಯುಸ್ಸಿನಲ್ಲಿ ಒಂದು ಹನಿ ಮುಟ್ಟಿದವನಲ್ಲ. ಇಲ್ಲ ಎಂದು ಹೇಳೋಣವೆಂದರೆ ಬಾಯಿ ತಿರುಗಲಿಲ್ಲ.

ತಲೆಯೊಳಗೆ ರಕ್ತದ ಒಂದು ನಾಳ ಕಟ್ಟಿಕೊಂಡಿತ್ತಂತೆ. ಕಾಲು ಸರಿಹೋಯಿತು. ಕೈ ಮುಕ್ಕಾಲು ಪಾಲು ಬಂದಿದೆ. ನಾಲಿಗೆ ಮಾತ್ರ ಇನ್ನೂ ರಜೆ ಮುಗಿಸಿಲ್ಲ. ವಾರಕ್ಕೆರಡು ಸಲ ಮಾತಿನ ಟೀಚರ್ ಹತ್ತಿರ ಹೋಗುತ್ತೇನೆ, ಅದೇ ನನ್ನ ವಾಕಿಂಗು. ಅವರು ನಿನ್ನ ವಯಸ್ಸಿನವರು. ಒಂದನೇ ಕ್ಲಾಸಿನ ಪುಸ್ತಕ ಕೊಟ್ಟು ಗಟ್ಟಿಯಾಗಿ ಓದಿ ಎನ್ನುತ್ತಾರೆ. ದಿನಕ್ಕೊಂದು ಪುಟ ಬರೆಯಿರಿ, ಹೆಬ್ಬೆರಳಿಗೂ ಏನಾದರೂ ಕೆಲಸ ಕೊಡಿ ಎಂದದ್ದು ಅವರೇ. ಆಗಲೇ ನಿನ್ನ ಆಟ ಇಳಿಸಿದ್ದು.

ನಾನು ಬೇಕೆಂದೇ ಮುಚ್ಚಿಟ್ಟೆ. ಅತ್ತೆಯ ಮೇಲೆ ಸಿಟ್ಟಾಗಬೇಡ, ಅವಳ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದೆ. ಆದರೆ ಕೊಳದ ವಿಷಯದಲ್ಲಿ ನಿನ್ನನ್ನು ಆಟ ಆಡಿಸಲಿಲ್ಲ. ನನಗೆ ನಿಜವಾಗಿ ಗೊತ್ತಾಗಲಿಲ್ಲ ಮಗಳೇ. "ಬೇಗ ಬಾರೇ" ಎಂದು ಹೇಳಿದರೆ ನನ್ನ ಕಿವಿಗೆ ಅದು ಮೊದಲಿನ ಹಾಗೇ ಕೇಳಿಸುತ್ತದೆ. ಎದುರಿನವರ ಮುಖ ನೋಡಿದರೆ ಮಾತ್ರ ಗೊತ್ತಾಗುವುದು. ಚೆಂಡಿಗೆ ಮುಖವಿಲ್ಲ.

ಮುಚ್ಚಿಟ್ಟದ್ದು ಯಾಕೆ ಎಂದರೆ, ನೀನು ಫೋನಿನಲ್ಲಿ ಯಾವಾಗಲೂ "ಬೇಗ ಹೇಳು ಮಾವ, ಕೆಲಸ ಇದೆ" ಎನ್ನುತ್ತೀಯ. ತಪ್ಪಲ್ಲ, ನಿನಗೆ ಬಿಸಿಲಿನಲ್ಲಿ ನಿಂತು ಮಾಡುವ ಕೆಲಸ. ಬೇಗ ಹೇಳಲಾರೆ ಎಂದು ಹೇಳುವುದಕ್ಕೇ ನನಗೆ ಅರ್ಧ ನಿಮಿಷ ಬೇಕು. ನಿನ್ನ ಹತ್ತಿರ ನನ್ನ ಹಳೇ ದನಿ ಇದೆಯಲ್ಲ, ಅದನ್ನೇ ಇಟ್ಟುಕೋ. ಈಗಿನದು ಕೇಳುವ ಹಾಗಿಲ್ಲ. ಕೆಲಸ ಬಿಟ್ಟು ಓಡಿ ಬರಬೇಡ. ಪತ್ರ ಬರೆಯುತ್ತಿರೋಣ.

ನಿನ್ನ
ಮಾವ

(ಇವರು ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನಿನ್ನ ಫೋನು ಬಂದಾಗೆಲ್ಲ ಎದ್ದು ಬಂದು ನನ್ನ ಪಕ್ಕದಲ್ಲೇ ಕೂತಿರುತ್ತಾರೆ, ಸ್ಪೀಕರ್ ಹಾಕು ಎಂದು ಸನ್ನೆ ಮಾಡುತ್ತಾರೆ. ಅತ್ತೆ)

---

ಜೂನ್ 1

ಮಾವಾ,

ಅತ್ತೆಯ ಎರಡು ಸಾಲು ಓದಿ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ನಾನು "ಮಾವ ಇಲ್ವಾ, ಹೋಗ್ಲಿ ಬಿಡಿ" ಎಂದು ಫೋನು ಇಡುತ್ತಿದ್ದಾಗ ನೀನು ಅಲ್ಲೇ ಕೂತಿದ್ದೆ.

"ಬೇಗ ಹೇಳು" ಎಂದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಕ್ಷಮೆ ಕೇಳಿದರೆ ನೀನು ಪರವಾಗಿಲ್ಲ ಎಂದು ಬರೆದು ಅಲ್ಲಿಗೆ ಮುಗಿಸಿಬಿಡುತ್ತೀಯ. ನನಗೆ ಅಲ್ಲಿಗೆ ಮುಗಿಸುವುದು ಬೇಡ.

ಹಳೇ ದನಿ ಇಟ್ಟುಕೋ ಎಂದಿದ್ದೀಯ. ಅದು ನನ್ನ ಹತ್ತಿರ ಇಲ್ಲ, ಮಾವಾ. ಹೋದ ತಿಂಗಳಿನಿಂದ ನೆನಪಿಸಿಕೊಳ್ಳಲು ನೋಡುತ್ತಿದ್ದೇನೆ. ಬೇಗ ಬಾರೇ ಎಂದು ಎಷ್ಟು ಹೊತ್ತು ಹೇಳುತ್ತಿದ್ದೆ ಎಂದು ನನ್ನ ಹೆಬ್ಬೆರಳಿಗೆ ಗೊತ್ತು, ಅಷ್ಟೇ. ಅದು ಗೊಗ್ಗರೋ ನಯವೋ, ಕೊನೆಯ ಅಕ್ಷರ ಮೇಲೆ ಹೋಗುತ್ತಿತ್ತೋ ಕೆಳಗೆ ಇಳಿಯುತ್ತಿತ್ತೋ, ಒಂದೂ ಬರುವುದಿಲ್ಲ. ಅಳತೆ ಇಟ್ಟುಕೊಂಡು ಬಟ್ಟೆ ಕಳೆದುಕೊಂಡಿದ್ದೇನೆ. ಈಗಿನದನ್ನು ಕೊಡು. ಅದು ಹೇಗಿದ್ದರೂ ನಿನ್ನದು. ನನಗೆ ಬೇಕು.

ಜುಲೈ ಕೊನೆಯ ತನಕ ರಜೆ ಇಲ್ಲ. ರಜೆ ಸಿಕ್ಕಿದ ದಿನವೇ ಹೊರಡುತ್ತೇನೆ, ಆದರೆ ಅಲ್ಲಿಯ ತನಕ ಕಾಯುವ ಶಕ್ತಿ ಇಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅತ್ತೆಯ ನಂಬರಿಗೆ ಫೋನ್ ಮಾಡುತ್ತೇನೆ. ಅತ್ತೆ ಎತ್ತಬಾರದು. ನೀನು ಎತ್ತದಿದ್ದರೆ ಸುಮ್ಮನೆ ರಿಂಗಾಗಲಿ. ಮುಂದಿನ ಭಾನುವಾರ ಮತ್ತೆ ಮಾಡುತ್ತೇನೆ.

ನಿನ್ನ
ಅರ್ಧಗಜ

---

ಜೂನ್ 24

ಮಾವಾ,

ನಿನ್ನೆ ತಾನೇ ಮಾತಾಡಿ ಇವತ್ತು ಪತ್ರ ಯಾಕೆ ಎಂದು ಕೇಳುತ್ತೀಯ. ನನ್ನ ಕಡೆಯಿಂದ ಇಲ್ಲಿ ಏನಾಯಿತು ಎಂದು ನಿನಗೆ ಗೊತ್ತಿಲ್ಲ, ಅದಕ್ಕೆ.

ಮೊದಲ ಭಾನುವಾರ ನೀನು ಎತ್ತಲಿಲ್ಲ. ಪೂರ್ತಿ ರಿಂಗಾಗಿ ತಾನೇ ನಿಂತಿತು. ನಾನು ಬಟ್ಟೆ ಒಗೆದು ಹಾಕಿದೆ. ಎರಡನೆಯ ಭಾನುವಾರವೂ ಎತ್ತಲಿಲ್ಲ. ಅವತ್ತು ಸಿಟ್ಟು ಬಂತು. ನಕ್ಷೆ ಬರೆಯುವವನ ಮನೆಗೆ ಹೋಗಿ ಅವನ ಆಟದಲ್ಲಿ ಬೇಕೆಂದೇ ನಿನ್ನ ಹಾಗೆ ಹತ್ತು ಚೆಂಡು ಕೊಳಕ್ಕೆ ಹಾಕಿದೆ. ಮಾತನ್ನು ಎಷ್ಟು ಎಳೆದರೆ ನೂರ ನಲವತ್ತು ಗಜ ಆಗುತ್ತದೆ ಎಂದು ತಿಳಿಯಬೇಕಿತ್ತು. ನಿಧಾನವಾಗಿ ಹೇಳಿ ನೋಡಿದೆ. ಅಷ್ಟೊಂದು ನಿಧಾನವೇನಲ್ಲ, ಮಾವಾ. ಯಾರಾದರೂ ನಿದ್ದೆಯಿಂದ ಎಬ್ಬಿಸುವಾಗ ಹೇಳುವಷ್ಟು ಮೆಲ್ಲಗೆ, ಅಷ್ಟೇ. ಇದಕ್ಕಾಗಿ ಐದು ತಿಂಗಳು ಬಚ್ಚಿಟ್ಟುಕೊಂಡೆಯಲ್ಲ ಎಂದು ಅಳು ಬಂತು.

ನಿನ್ನೆ ಹತ್ತಕ್ಕೆ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದೆ. ರಿಂಗಾಗುವುದು ನಿಂತಿತು. ಕಟ್ ಆಯಿತು ಎಂದುಕೊಂಡು ಕಿವಿಯಿಂದ ತೆಗೆದು ನೋಡಿದರೆ ಸೆಕೆಂಡುಗಳು ಓಡುತ್ತಿದ್ದವು. ಮತ್ತೆ ಕಿವಿಗಿಟ್ಟುಕೊಂಡೆ. ನೀನು ಉಸಿರಾಡುವುದು ಕೇಳಿಸಿತು. ಹಲೋ ಎಂದೆ. ನೀನು ಏನೋ ಶುರು ಮಾಡಿ ನಿಲ್ಲಿಸಿದೆ. ನಾನು ತುಟಿ ಬಿಗಿ ಹಿಡಿದು ಕೂತೆ. ಒಂದು ಮಾತನ್ನೂ ನಾನೇ ಮುಂದೆ ಬಿದ್ದು ಮುಗಿಸಬಾರದು ಎಂದು ಆಣೆ ಮಾಡಿಕೊಂಡಿದ್ದೆ. ಕೆಳಗೆ ಅಂಗಡಿಯವನು ಒಂದು ಸೈಕಲ್ಲಿನ ಎರಡೂ ಚಕ್ರಕ್ಕೆ ಗಾಳಿ ತುಂಬಿ ಮುಗಿಸಿದ.

ಆಮೇಲೆ ನಿನ್ನ ದನಿ ಬಂತು. ಒಂದೊಂದೇ ಅಕ್ಷರ, ಮಧ್ಯೆ ಮಧ್ಯೆ ಉಸಿರು.

"ರಾಂ... ಗ್... ನಂ... ಬ... ರ್."

ಐದು ತಿಂಗಳು ಕಾದದ್ದಕ್ಕೆ ನೀನು ನನಗೆ ಹೇಳಿದ ಮೊದಲ ಮಾತು ಇದು. ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ, ಕೆಳಗಿನ ಅಂಗಡಿಯವನು ತಲೆಯೆತ್ತಿ ನೋಡಿದ. ಆ ಕಡೆಯಿಂದ ನೀನು ನಗುವುದೂ ಕೇಳಿಸಿತು. ನಗು ಮಾತ್ರ ಒಂದಿಷ್ಟೂ ಬದಲಾಗಿಲ್ಲ, ಅದನ್ನು ಟೀಚರಿಗೂ ಹೇಳು. ನಿನ್ನ ರಾಂಗ್ ನಂಬರಿಗೆ ನಾನು ಕೊಟ್ಟ ಉತ್ತರ ಆ ನಗುವಿನ ಮಧ್ಯೆ ನಿನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಇಲ್ಲಿ ಬರೆಯುತ್ತಿದ್ದೇನೆ:

"ಪರವಾಗಿಲ್ಲ ಸಾರ್. ನೀವೇ ಮಾತಾಡಿ."

ನಿನ್ನ
ಅರ್ಧಗಜ